ಚರ್ಚಿನ ಅಂಗಳದ ಹೆಸರುಗಳನ್ನು ಹುಡುಕಿಕೊಡುವ ಸೇವೆ

ಕೋಲಾರ ಸೀಮೆಯ ವೀರಗಲ್ಲುಗಳನ್ನು ನೋಡುತ್ತ ಬೆಳೆದ ನನಗೆ, ಇಂಗ್ಲೆಂಡಿನ ಹಳ್ಳಿಯೊಂದರ ಚರ್ಚಿನ ಅಂಗಳದಲ್ಲಿರುವ ಯುದ್ಧ ಸ್ಮಾರಕದ ಚಿತ್ರ ಕಂಡಾಗ, ಅದರ ಮೇಲೆ ಕೊರೆದ ಹೆಸರುಗಳು ಯಾರವೆಂದು ತಿಳಿಯುವ ಹಂಬಲ ಹುಟ್ಟಿತು. ಅದಕ್ಕಾಗಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಉಚಿತ ಹುಡುಕಾಟ ಸೇವೆಯನ್ನು ಬಳಸುತ್ತಿದ್ದೇನೆ.

1917ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ, ಎರಡು ಮಹಾಯುದ್ಧಗಳಲ್ಲಿ ಮಡಿದ ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ಸುಮಾರು 17 ಲಕ್ಷ ಮಂದಿಯ ನೆನಪನ್ನು ಕಾಪಾಡುತ್ತಿದೆ. ಹೆಸರು ಬರೆದರೆ ಸೈನಿಕನ ದರ್ಜೆ, ರೆಜಿಮೆಂಟ್, ಮಡಿದ ದಿನ, ಸಮಾಧಿಯ ಸಾಲು ತೆರೆದುಕೊಳ್ಳುತ್ತವೆ. ಕೆಲವು ದಾಖಲೆಗಳ ಕೊನೆಯಲ್ಲಿ ತಂದೆತಾಯಿಯ ಹೆಸರೂ ಅವರ ಊರೂ ಇರುತ್ತವೆ. ಆ ಒಂದು ಸಾಲು ಓದುವಾಗ ಗಂಟಲು ಕಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಹೊರನಾಡಿನಲ್ಲಿ ಸತ್ತವರ ದೇಹಗಳನ್ನು ತವರಿಗೆ ತರುವುದನ್ನು ನಿಷೇಧಿಸಿದ್ದರಿಂದ, ಎಷ್ಟೋ ತಾಯಂದಿರಿಗೆ ಹೂವಿಡಲು ಉಳಿದದ್ದು ಊರಿನ ಸ್ಮಾರಕವೊಂದೇ. ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಬಗೆಯ ಸಮಾಧಿಕಲ್ಲು ಎಂಬ ಸಂಸ್ಥೆಯ ನಿಯಮ ನನಗೆ ತುಂಬ ಹಿಡಿಸಿತು.

ನಮ್ಮವರನ್ನೂ ಇಲ್ಲಿ ಹುಡುಕಬಹುದು. ಫ್ರಾನ್ಸಿನ ನವ್ ಶಪೆಲ್ ಸ್ಮಾರಕವೊಂದರಲ್ಲೇ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರುಗಳಿವೆ.

ಬಳಸುವವರು ಎರಡು ಸಂಗತಿ ನೆನಪಿಡಬೇಕು. ಸ್ಮಿತ್‌ನಂಥ ಸಾಮಾನ್ಯ ಹೆಸರಿಗೆ ರೆಜಿಮೆಂಟ್ ಗೊತ್ತಿಲ್ಲದಿದ್ದರೆ ಹುಡುಕಾಟ ಮುಗಿಯುವುದೇ ಇಲ್ಲ. ಹಳ್ಳಿಯ ಸ್ಮಾರಕಗಳನ್ನು ಹೆಚ್ಚಾಗಿ ಊರಿನವರೇ ಚಂದಾ ಎತ್ತಿ ಕಟ್ಟಿಸಿದ್ದರಿಂದ, ಆ ಕಲ್ಲಿನ ವಿವರಗಳಿಗೆ ಈ ಸೇವೆಯ ಬದಲು ಇಂಪೀರಿಯಲ್ ವಾರ್ ಮ್ಯೂಸಿಯಮ್ಸ್‌ನ ಸ್ಮಾರಕ ನೋಂದಣಿಯನ್ನು ನೋಡಬೇಕು. ನಾನು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಒಂದೊಂದೇ ಹೆಸರು ಗುರುತಿಸುತ್ತಿದ್ದೇನೆ.