ಅದಿರಿನ ಲ್ಯಾಬ್‌ಗೆ ಲಾವಾ ಕಲ್ಲು ಒಯ್ದ ಕಥೆ

ಬಳ್ಳಾರಿಯ ಒಂದು ಖಾಸಗಿ ಅದಿರು ಲ್ಯಾಬ್ ಬಗ್ಗೆ ಬರೆಯುತ್ತಿದ್ದೇನೆ, ಹೆಸರು ಬೇಡ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವವಳು. ಸಂಡೂರು ಗುಡ್ಡದ ಕಡೆಯಿಂದ ಹುಡುಗರು ಹಸಿರುಗಪ್ಪು ಕಲ್ಲು ತಂದಿದ್ದರು. ಸುಮಾರು 270 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿ, ದಿಂಬು ದಿಂಬಾಗಿ ಹೆಪ್ಪುಗಟ್ಟಿದ ಲಾವಾ. ಕೊಮಾಟಿಯೈಟ್, ಅಂದರೆ ಮೆಗ್ನೀಸಿಯಂ ತುಂಬಿದ ಅಪರೂಪದ ಹಳೆಯ ಲಾವಾ ಕಲ್ಲು ಇರಬಹುದು ಅಂತ ಅವರಿಗೆ ಆಸೆ. ಹಾಗಾಗಬೇಕಾದರೆ ಮೆಗ್ನೀಸಿಯಂ ಆಕ್ಸೈಡ್ 18 ಶೇಕಡಾ ದಾಟಬೇಕು, ಕಣ್ಣಿಗೆ ಕಾಣುವ ಲೆಕ್ಕ ಅಲ್ಲ. ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣ ಬಿಟ್ಟು ಕಲ್ಲಿನಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿಸೋಣ ಅಂತ ಹೋದೆ. ಸ್ಯಾಂಪಲ್‌ಗೆ 1,200 ರೂಪಾಯಿ.

ಮೂರನೇ ದಿನ ರಿಪೋರ್ಟ್ ಕೈಗಿಟ್ಟ ಹುಡುಗ ಪಾಪ ಅಂದ, "ಮೇಡಂ, ಇದರಾಗ ಐರನ್ ಬರೇ 10.9 ಐತ್ರಿ. ಯಾರೂ ತಗೊಳ್ಳಂಗಿಲ್ಲ."

ನನಗೋ ಅದು ಜಾಸ್ತಿ ಅನ್ನಿಸಿತು. ಉಳಿದ ಪುಡಿ ಬಿಳಿ ಹಾಳೆ ಮೇಲೆ ಸುರಿದೆ. ಬೂದು ಬಣ್ಣ ಇರಬೇಕಾದದ್ದು ಕುಂಕುಮದ ಕೈ ತಾಗಿದ ಹಿಟ್ಟಿನ ಹಾಗೆ ಕೆಂಪಗಿತ್ತು. ಕಲ್ಲು ಅರೆಯುವ ಪಲ್ವರೈಸರ್ ಒಳಗೆ ಯಾರದೋ ಹೆಮಟೈಟ್, ಅಂದರೆ ಕೆಂಪು ಕಬ್ಬಿಣದ ಅದಿರು, ಉಳಿದಿತ್ತು! ಅದಿರು ಅರೆಯುವವರಿಗೆ ಚಿಟಿಕೆ ಆಚೆ ಈಚೆ ಆದರೆ ನಡೆಯುತ್ತದೆ, ಲಾವಾಗೆ ನಡೆಯಲ್ಲ. ಜಗಳ ಆಡಿದೆ. ಮ್ಯಾನೇಜರ್ ತಪ್ಪೊಪ್ಪಿಕೊಂಡು ದುಡ್ಡು ಕೇಳದೆ ಮತ್ತೆ ಮಾಡಿಕೊಟ್ಟರು, ಅದನ್ನು ಒಪ್ಪಲೇಬೇಕು. ಈ ಸಲ ಅದೇ ಕಲ್ಲಿನ ಒಂದು ಚೂರು ಮೊದಲು ಅರೆದು ಚೆಲ್ಲಿಸಿ, ಆಮೇಲೆ ಸ್ಯಾಂಪಲ್ ಹಾಕಿಸಿದೆ. ನಾನೇ ಪಕ್ಕ ನಿಂತಿದ್ದೆ.

ಎರಡನೇ ರಿಪೋರ್ಟ್: ಸಿಲಿಕಾ 50.1, ಅಲ್ಯೂಮಿನಾ 14.2, ಕ್ಯಾಲ್ಸಿಯಂ ಆಕ್ಸೈಡ್ 10.6, ಮೆಗ್ನೀಸಿಯಂ ಆಕ್ಸೈಡ್ 7.0, ಐರನ್ 9.0. ಎಲ್‌ಓಐ (ಕಲ್ಲಿನ ಪುಡಿ ಕಾಯಿಸಿದಾಗ ಹಾರಿಹೋಗುವ ತೂಕ) ಮತ್ತು ಉಳಿದ ಸಣ್ಣಪುಟ್ಟವನ್ನೂ ಸೇರಿಸಿ ಎಲ್ಲ ಕೂಡಿದರೆ ಶೇಕಡಾ 96.1. ಮಿಕ್ಕ ನಾಲ್ಕು ಎಲ್ಲಿ ಹೋಯಿತು? ಅದಿರಿನ ಅಭ್ಯಾಸಕ್ಕೆ ಕಬ್ಬಿಣವನ್ನು ಬರೀ ಲೋಹವಾಗಿ ಬರೆದಿದ್ದಾರೆ, ಜೊತೆಗಿನ ಆಮ್ಲಜನಕ ಬಿಟ್ಟಿದ್ದಾರೆ. 1.43ರಿಂದ ಗುಣಿಸಿದರೆ ಫೆರಿಕ್ ಆಕ್ಸೈಡ್ 12.9, ಮೊತ್ತ ಸರಿಯಾಗಿ 100. ಆಗ ಖುಷಿಯಾಯಿತು ನೋಡಿ, ಅಳತೆ ಚೊಕ್ಕವಾಗಿದೆ. ಸಿಲಿಕಾ 45ರಿಂದ 52ರೊಳಗೆ, ಅಂದರೆ ಅಪ್ಪಟ ಬಸಾಲ್ಟ್. ಹುಡುಗರ ಮುಖ ಬಾಡಿತು.

ಸೋಡಿಯಂ, ಪೊಟ್ಯಾಸಿಯಂ ಬೇಕಿದ್ದರೆ ಮೊದಲೇ ಬಾಯಿಬಿಟ್ಟು ಕೇಳಿ, ಅದಿರಿನ ಪಟ್ಟಿಯಲ್ಲಿ ಅವು ಇರಲ್ಲ. ಇಷ್ಟು ಹಳೆಯ ಲಾವಾದಲ್ಲಿ ಆ ಎರಡೂ ನೀರಿನ ಜೊತೆ ಆಚೀಚೆ ಹರಿದುಹೋಗಿರುತ್ತವೆ, ಅವನ್ನು ನಂಬಿ ಕಲ್ಲಿಗೆ ಹೆಸರಿಡಬಾರದು. ಅದಕ್ಕೆ ನೀರಿಗೆ ಸುಲಭವಾಗಿ ಕದಲದ ಜಿರ್ಕೋನಿಯಂ, ನಯೋಬಿಯಂ, ಇಟ್ರಿಯಂ ಬೇಕು. ಅವು ಇಲ್ಲಿ ಆಗಲ್ಲ, ಒಂದೂವರೆ ಅಂಕ ಕಡಿತಕ್ಕೆ ಅದೂ ಒಂದು ಕಾರಣ.

ಕಳೆದ ತಿಂಗಳು ಇನ್ನೂ ಐದು ಕಲ್ಲು ಕೊಟ್ಟು ಬಂದೆ. ಪಲ್ವರೈಸರ್ ಈಗ ಹೇಳದೇ ತೊಳೆಯುತ್ತಾರೆ. ಬಿಲ್ಲಿನಲ್ಲಿ ಮಾತ್ರ ಈಗಲೂ "ಲೋ ಗ್ರೇಡ್ ಅದಿರು" ಅಂತಲೇ ಬರೆಯುತ್ತಾರೆ.