ಕೊಟ್ಟಿಗೆಯ ರಬ್ಬರ್ ಮ್ಯಾಟ್: ಹಸುವಿಗಾಗಿ ತಂದದ್ದು, ನಾಯಿಗಳು ಮೆಚ್ಚಿದ್ದು

ಕೋಲಾರದ ಕಡೆ ಧನುರ್ಮಾಸದ ಚಳಿಯಲ್ಲಿ ಸೀಮೆಹಸುಗಳು ಒದ್ದೆ ಸಿಮೆಂಟ್ ನೆಲದ ಮೇಲೆ ಮಲಗಲು ಹಿಂಜರಿಯುವುದನ್ನು ಹೈನುಗಾರಿಕೆ ಮಾಡುವವರು ಕಂಡೇ ಇರುತ್ತಾರೆ. ದಿನಕ್ಕೆ 10ರಿಂದ 12 ಗಂಟೆ ಮಲಗಬೇಕಾದ ಹಸು ನಿಂತೇ ಹೊತ್ತು ಕಳೆದರೆ ಗೊರಸಿಗೂ ಹಾಲಿಗೂ ಪೆಟ್ಟು. ಆ ಕಾರಣಕ್ಕೆ ನಮ್ಮ ಕೊಟ್ಟಿಗೆಗೆ ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲದ, 17 ಮಿಲಿಮೀಟರ್ ದಪ್ಪದ ರಬ್ಬರ್ ಮ್ಯಾಟ್‌ಗಳನ್ನು ಹಾಕಿಸಿದೆವು. ಹಸುಗಳ ಮಟ್ಟಿಗೆ ದೂರುವಂಥದ್ದೇನೂ ಇಲ್ಲ: ಮಂಡಿ ತರಚುವುದು ನಿಂತಿದೆ, ಜಾರುವುದು ಕಡಿಮೆಯಾಗಿದೆ. ಆದರೆ ಮಾರುವವರು ಹೇಳದ ಸಂಗತಿಯೊಂದಿದೆ. ಮನೆಯಲ್ಲಿ ನಾಯಿಗಳಿದ್ದರೆ ಚಳಿಗಾಲದಲ್ಲಿ ಈ ಮ್ಯಾಟ್ ಅವುಗಳ ಪಾಲಾಗುತ್ತದೆ.

ನಮ್ಮ ನಾಯಿ ಕೆಂಚ ಹಿಂದೆಲ್ಲ ರಾಗಿಹುಲ್ಲಿನ ಬಣವೆಯ ಬುಡ ಕೆರೆದು ಗೂಡು ಮಾಡಿಕೊಂಡು ಮಲಗುತ್ತಿದ್ದ. ಈಗ ನಸುಕಿನಲ್ಲಿ ಹಾಲು ಕರೆಯಲು ನಾವು ದೀಪ ಹಾಕುವ ಮೊದಲೇ ಗೋದಲಿಯ ತುದಿಯಲ್ಲಿ ಬಂದು ಕುಳಿತಿರುತ್ತಾನೆ. ಹಸು ಏಳುವಾಗ ಮೊದಲು ಹಿಂಗಾಲು ಎತ್ತಿ, ಕ್ಷಣಕಾಲ ಮುಂಗಾಲಿನ ಮಂಡಿಯ ಮೇಲೆ ನಿಂತು, ಆಮೇಲೆ ಪೂರ್ತಿ ಏಳುತ್ತದೆಯಷ್ಟೆ. ಅದು ಇನ್ನೂ ಮಂಡಿಯ ಮೇಲಿರುವಾಗಲೇ ಇವನು ಹಿಂದಿನಿಂದ ನುಸುಳಿ, ಅದರ ಮೈಶಾಖ ಆರದ ಜಾಗದಲ್ಲಿ ಎರಡು ಸುತ್ತು ತಿರುಗಿ ಮುದುರಿಕೊಂಡುಬಿಡುತ್ತಾನೆ. ಹಸು ತಿರುಗಿ ಮೂಸಿ ಮುಖಕ್ಕೆ ಬುಸ್ಸೆಂದು ಉಸಿರು ಬಿಟ್ಟರೂ ಕಣ್ಣು ತೆರೆಯುವುದಿಲ್ಲ. ಕೆಚ್ಚಲು ತೊಳೆಯುವ ಬಕೆಟ್ ಬಂದಾಗ ಮಾತ್ರ ಎದ್ದು ಮುಂದಿನ ಹಸುವಿನ ಬಳಿಗೆ ಹೋಗುತ್ತಾನೆ. ಯಾವ ಹಸುವಿನ ನಂತರ ಯಾವುದು ಎಂಬ ಸರದಿ ಅವನಿಗೆ ಬಾಯಿಪಾಠ.

ವರ್ಷ ತುಂಬದ ಮರಿನಾಯಿ ಕರಿಯನದು ಬೇರೆಯೇ ಬಗೆಯ ಕಾಟ. ಕ್ಯಾನಿನ ಮುಚ್ಚಳದ ನೊರೆ ನೆಕ್ಕುವುದು, ಕೆಚ್ಚಲು ಒರೆಸುವ ಬಟ್ಟೆ ಕಚ್ಚಿಕೊಂಡು ಓಡುವುದು, ಬೂಸಾ ಕಲಸುವವರ ಕಾಲಿಗೆ ತೊಡರುವುದು ಇವೆಲ್ಲ ಸಹಿಸಬಹುದಾದವು. ಮ್ಯಾಟಿನ ಮೂಲೆಗಳನ್ನು ಅಗಿದು ಹರಿದಿರುವುದು ಮಾತ್ರ ನಷ್ಟದ ಬಾಬತ್ತು. ಹಸುವಿನ ಗೊರಸಿನಿಂದಾದ ಸವೆತಕ್ಕೆ ವಾರಂಟಿ ಇದೆ, ನಾಯಿಯ ಹಲ್ಲಿಗೆ ಇಲ್ಲವೆಂದು ಅಂಗಡಿಯವರು ಗಂಭೀರವಾಗಿಯೇ ತಿಳಿಸಿದರು.

ಸ್ವಚ್ಛತೆಯ ವಿಷಯದಲ್ಲಿ ನಗೆಯಾಟಕ್ಕೆ ಎಡೆಯಿಲ್ಲ. ಕೆಚ್ಚಲು ತಾಗುವ ಜಾಗದಲ್ಲಿ ಕೆಸರುಗಾಲಿನ ನಾಯಿ ಹೊರಳಿದರೆ ಕೆಚ್ಚಲು ಬಾವು ರೋಗಕ್ಕೆ ದಾರಿಯಾಗಬಹುದಾದ್ದರಿಂದ, ಕರೆದು ಮುಗಿದ ಕೂಡಲೇ ಮ್ಯಾಟ್ ತೊಳೆದು ನೀರು ಬಸಿಯಲು ಬಿಡಬೇಕಾಗುತ್ತದೆ. ಅಡಿಯಲ್ಲಿ ಗಂಜಲ ನಿಂತು ನಾರುತ್ತದೆ, ಎತ್ತಲು ಇಬ್ಬರು ಬೇಕು. ಇದು ಈ ಸಾಮಾನಿನ ನಿಜವಾದ ದೋಷ. ಇನ್ನೂ ಮುಖ್ಯವಾದದ್ದು, ಹಸು ಈದಾಗ ಬೀಳುವ ಕಸವನ್ನು, ಅಂದರೆ ಮಾಸುಚೀಲವನ್ನು, ನಾಯಿ ತಿನ್ನಲು ಬಿಡಬಾರದು. ನಿಯೋಸ್ಪೋರಾ ಎಂಬ ಪರೋಪಜೀವಿ ಅದರಿಂದ ನಾಯಿಗೆ ತಗಲಿ, ನಾಯಿಯ ಮಲದ ಮೂಲಕ ಮೇವು ನೀರಿಗೆ ಸೇರಿದರೆ ಗಬ್ಬದ ಹಸುಗಳು ಕಂದು ಹಾಕುವ (ಗರ್ಭಪಾತವಾಗುವ) ಅಪಾಯವಿದೆ. ಮ್ಯಾಟಿನ ಬೆಚ್ಚನೆಯ ಹಿತ ನಾಯಿಗಳನ್ನು ಒಳಗೆ ಸೆಳೆಯುವುದರಿಂದ, ಹಸು ಈಯುವ ಜಾಗಕ್ಕೂ ಗೋದಲಿಗೂ ಅವು ಸುಳಿಯದಂತೆ ಅಡ್ಡಗಟ್ಟೆಯ ಖರ್ಚನ್ನೂ ಮ್ಯಾಟಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಅಷ್ಟಾದರೂ ಕೊಳ್ಳಬಹುದೆಂದೇ ನನ್ನ ಅಭಿಪ್ರಾಯ. ಅಂಚುಗಳು ಒಂದರೊಳಗೊಂದು ಕೂರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ. ಬಿಡಿ ಮೂಲೆ ಕಣ್ಣಿಗೆ ಬಿದ್ದರೆ ಮರಿನಾಯಿ ಬಿಡುವುದಿಲ್ಲ.