ಕುತ್ತಿಗೆಯ ಫಿಲ್ಟರ್: ಅಡಿಕೆ ಧೂಳು, ಬೆವರು, ಮಳೆ ಎಲ್ಲದರ ನಡುವೆ ಬಳಸಿದ ಅನುಭವ

ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆದವರು ಕುತ್ತಿಗೆಯ ತೂತಿನ ಮೇಲೆ ಹಾಕಿಕೊಳ್ಳುವ ಒಂದು ಚಿಕ್ಕ ಫಿಲ್ಟರ್ ಉಂಟು. ಎಚ್‌ಎಂಇ ಅಂತ ಹೆಸರು, ಅಂದರೆ ಉಸಿರಿನ ಬಿಸಿ, ತೇವವನ್ನು ಹಿಡಿದಿಟ್ಟು ವಾಪಸ್ ಕೊಡುವಂಥದ್ದು (ಹೀಟ್ ಆಂಡ್ ಮಾಯಿಶ್ಚರ್ ಎಕ್ಸ್‌ಚೇಂಜರ್). ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರ ಬಗ್ಗೆ ಕನ್ನಡದಲ್ಲಿ ಹುಡುಕಿದಾಗ ನನಗೆ ಏನೂ ಸಿಗಲಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟ ಉಂಟು, ಆಪರೇಷನ್ ಮತ್ತು ರೇಡಿಯೇಷನ್ ಮಂಗಳೂರಿನಲ್ಲಿ ಆಯಿತು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಯಾವ ಕಂಪನಿಯದ್ದಾದರೂ ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ.

ಆಪರೇಷನ್ ಆದವರನ್ನು ನೋಡಲು ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇನ್ನು ಮಾತು ಬರ್ತದಾ?" ಮನೆಯವರ ಚಿಂತೆಯೂ ಅದೇ. ಆದರೆ ನಾನು ಮನಸಾರೆ ಹೇಳುತ್ತೇನೆ, ಕೈಯಲ್ಲಿರುವ ದುಡ್ಡನ್ನು ಮೊದಲು ಉಸಿರಿಗೆ ಹಾಕಿ, ಆಮೇಲೆ ಸ್ವರಕ್ಕೆ. ಉಸಿರು ಸರಿಯಿಲ್ಲದಿದ್ದರೆ ನಿದ್ದೆ ಇಲ್ಲ, ನಿದ್ದೆ ಇಲ್ಲದಿದ್ದರೆ ಊಟ ಸೇರುವುದಿಲ್ಲ, ಸ್ವರದ ಅಭ್ಯಾಸ ಮಾಡಲು ಉತ್ಸಾಹ ಎಲ್ಲಿಂದ ಬರಬೇಕು?

ವಿಷಯ ಏನೆಂದರೆ, ಈ ಆಪರೇಷನ್ ಆದ ಮೇಲೆ ಮೂಗಿಗೂ ಶ್ವಾಸಕೋಶಕ್ಕೂ ಸಂಬಂಧ ಇರುವುದಿಲ್ಲ. ಶ್ವಾಸನಾಳದ ತುದಿಯನ್ನು ತಂದು ಕುತ್ತಿಗೆಯ ಎದುರು ಹೊಲಿದಿರುತ್ತಾರೆ. ಗಾಳಿ ಸೀದಾ ಅಲ್ಲಿಂದ ಒಳಗೆ ಹೋಗುತ್ತದೆ. ಮೂಗು ಇಷ್ಟು ವರ್ಷ ಸದ್ದಿಲ್ಲದೆ ಮಾಡಿಕೊಂಡು ಬಂದ ಕೆಲಸ, ಅಂದರೆ ಗಾಳಿಯನ್ನು ಬೆಚ್ಚಗೆ ಮಾಡುವುದು, ತೇವ ಕೊಡುವುದು, ಧೂಳು ತಡೆಯುವುದು, ಎಲ್ಲಾ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಒಣ ಗಾಳಿ ನೇರವಾಗಿ ತಾಗಿದರೆ ಒಳಗಿನ ಪದರ ಸಿಟ್ಟಿಗೇಳುತ್ತದೆ. ಕಫ ಜಾಸ್ತಿಯಾಗುತ್ತದೆ, ದಪ್ಪಗಾಗುತ್ತದೆ, ತೂತಿನ ಸುತ್ತ ಒಣಗಿ ಚಕ್ಕೆ ಕಟ್ಟುತ್ತದೆ. ಶುರುವಿನಲ್ಲಿ ನನಗೆ ರಾತ್ರಿಯಿಡೀ ಕೆಮ್ಮು. ಮಲಗಿದರೆ ಕೆಮ್ಮು, ಎದ್ದು ಕೂತರೆ ಕೆಮ್ಮು. ಹೆಂಡತಿಗೂ ನಿದ್ದೆ ಇಲ್ಲ. ಒದ್ದೆ ಬೈರಾಸು ಕುತ್ತಿಗೆಗೆ ಕಟ್ಟಿಕೊಳ್ಳುತ್ತಿದ್ದೆ, ಸಲೈನ್ ಹನಿ ಹಾಕುತ್ತಿದ್ದೆ, ನೆಬ್ಯುಲೈಸರ್ ಹಿಡಿಯುತ್ತಿದ್ದೆ. ಇವೆಲ್ಲ ಒಳ್ಳೆಯದೇ, ಈಗಲೂ ಬೇಕಾಗುತ್ತದೆ. ಆದರೆ ಅದರ ಹಿತ ಸ್ವಲ್ಪ ಹೊತ್ತು ಮಾತ್ರ.

ಫಿಲ್ಟರಿನ ಒಳಗೆ ಇರುವುದು ಒಂದು ಸ್ಪಂಜಿನ ತುಂಡು, ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಸೇರಿಸಿದ್ದು. ನಾವು ಉಸಿರು ಬಿಡುವಾಗ ಹೊರಬರುವ ಬಿಸಿ, ತೇವ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಎಳೆದುಕೊಳ್ಳುವಾಗ ಅದೇ ತೇವ ಒಳಗೆ ವಾಪಸ್ ಹೋಗುತ್ತದೆ. ಇಷ್ಟೇ ವಿದ್ಯೆ. ಬ್ಯಾಟರಿ ಇಲ್ಲ, ಔಷಧ ಇಲ್ಲ. ಇದನ್ನು ತೊಳೆದು ಪುನಃ ಹಾಕಿಕೊಳ್ಳುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನೀರಿಗೆ ಹಾಕಿದರೆ ಆ ಲವಣ ಹೋಗಿಬಿಡುತ್ತದೆ, ಉಳಿಯುವುದು ಬರೀ ಸ್ಪಂಜು, ಅದರಲ್ಲಿ ರೋಗಾಣು ಬೇರೆ ಬೆಳೆಯುತ್ತದೆ. ದಿನಕ್ಕೆ ಒಂದಾದರೂ ಹೊಸತು ಬೇಕು, ಕಫ ತುಂಬಿದರೆ ಅದಕ್ಕಿಂತ ಮೊದಲೇ ಬದಲಿಸಬೇಕು.

ಹಾಕಿದ ಮೊದಲ ದಿನಗಳು ಸುಲಭ ಇರಲಿಲ್ಲ. ಉಸಿರು ಬಿಗಿ ಹಿಡಿದ ಹಾಗೆ ಅನ್ನಿಸಿತು. ಕಫ ಕಡಿಮೆ ಆಗುವ ಬದಲು ಜಾಸ್ತಿ ಆದ ಹಾಗೆ ಕಂಡಿತು. ಸ್ಪೀಚ್ ಥೆರಪಿಸ್ಟ್ ಹೇಳಿದರು, ಇದು ತೆಳ್ಳಗಾಗಿ ಸಡಿಲ ಆಗುವ ಕಫ, ಹೆದರಬೇಡಿ, ಕೆಲವು ವಾರ ಬಿಡದೆ ಹಾಕಿ ಅಂತ. ಅವರ ಮಾತು ನಿಜವಾಯಿತು. ನಿಧಾನಕ್ಕೆ ಕೆಮ್ಮು ಇಳಿಯಿತು, ಚಕ್ಕೆ ಕಟ್ಟುವುದು ತಪ್ಪಿತು, ರಾತ್ರಿ ನಿದ್ದೆ ಬಂತು. ಒಂದೆರಡು ದಿನ ಹಾಕಿ "ಆಗುವುದಿಲ್ಲ" ಅಂತ ತೆಗೆದಿಟ್ಟರೆ ಇದರ ಗುಣ ಗೊತ್ತೇ ಆಗುವುದಿಲ್ಲ. ಹಗಲು ಹಾಕಿ ರಾತ್ರಿ ತೆಗೆಯುವುದೂ ಬೇಡ, ರಾತ್ರಿಯೂ ಇದು ಬೇಕು. ಹಾಕಿದ ಮೇಲೂ ದಮ್ಮು ಕಟ್ಟುವುದು ಹೆಚ್ಚುತ್ತಾ ಹೋದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ತೂತೇ ಕಿರಿದಾಗಿರಬಹುದು, ಅದು ಬೇರೆ ಸಮಸ್ಯೆ.

ಇನ್ನು ನಮ್ಮ ಊರಿನ ಮಾತು. ಫಿಲ್ಟರ್ ಜೊತೆ ಬರುವ ಪುಸ್ತಿಕೆ ಬರೆದವರಿಗೆ ನಮ್ಮ ಏಪ್ರಿಲ್ ತಿಂಗಳು ಗೊತ್ತಿಲ್ಲ. ಫಿಲ್ಟರನ್ನು ಕೂರಿಸಲು ಕುತ್ತಿಗೆಗೆ ಒಂದು ಅಂಟುಪಟ್ಟಿ ಹಚ್ಚಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹಚ್ಚಿದ್ದು ತೋಟಕ್ಕೆ ಒಂದು ಸುತ್ತು ಹೋಗಿ ಬರುವಾಗ ಬೆವರಿಗೆ ಅಂಚು ಬಿಟ್ಟಿರುತ್ತದೆ. ರೇಡಿಯೇಷನ್ ಆದ ಚರ್ಮ ಬೇರೆ, ಪದೇ ಪದೇ ಕಿತ್ತು ಅಂಟಿಸಿದರೆ ಕೆಂಪಾಗಿ ಉರಿಯುತ್ತದೆ. ನನಗೆ ಸರಿಹೋದ ದಾರಿ ಎಂದರೆ ಮೆತ್ತಗಿನ ಸಿಲಿಕೋನ್ ಕೊಳವೆ. ಅದನ್ನು ತೂತಿನೊಳಗೆ ಇಟ್ಟು, ಪಟ್ಟಿ ಕಟ್ಟಿ, ಅದರ ಬಾಯಿಗೆ ಫಿಲ್ಟರ್ ಕೂರಿಸುವುದು. ಕೊಳವೆಯನ್ನು ತೊಳೆದು ತಿಂಗಳುಗಟ್ಟಲೆ ಬಳಸಬಹುದು, ಬೆವರಿನ ಕಾಟ ಇಲ್ಲ. ಅಳತೆ ಮಾತ್ರ ಡಾಕ್ಟರೇ ನೋಡಿ ಕೊಡಬೇಕು. ಅಂಟುಪಟ್ಟಿಯನ್ನು ಪೇಟೆಗೆ, ಮದುವೆಗೆ ಹೋಗುವಾಗ ಹಚ್ಚುತ್ತೇನೆ, ಚಂದ ಕಾಣುತ್ತದೆ.

ಧೂಳಿಗೆ ಇದು ಎಷ್ಟು ಪ್ರಯೋಜನ? ಅರ್ಧ ಮಾತ್ರ. ಮಾಮೂಲಿ ಸ್ಪಂಜಿನ ಫಿಲ್ಟರ್ ದೊಡ್ಡ ಧೂಳನ್ನು ತಡೆಯುತ್ತದೆ, ನುಣ್ಣಗಿನ ಪುಡಿಯನ್ನು, ಹೊಗೆಯನ್ನು ತಡೆಯುವುದಿಲ್ಲ. ಚಾಲಿ ಅಡಿಕೆ ಸುಲಿಯುವಲ್ಲಿ ಏಳುವ ಧೂಳು ನಮ್ಮವರಿಗೆ ಗೊತ್ತಿದ್ದದ್ದೇ. ಅಲ್ಲಿಗೆ ನಾನು ಈಗ ಹೋಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಸಿಂಪಡಿಸುವ ದಿನವೂ ತೋಟದಿಂದ ದೂರ. ಬಚ್ಚಲಿಗೆ ಸೌದೆ ಬೆಂಕಿ ಹಾಕುವುದನ್ನು ಮನೆಯಲ್ಲಿ ನನಗೋಸ್ಕರ ನಿಲ್ಲಿಸಿದರು. ಹೈವೇ ಅಗಲ ಮಾಡುವ ಕೆಲಸ ನಡೆಯುತ್ತಿದ್ದಾಗ ಕುಂಬಳೆಯಿಂದ ತಲಪಾಡಿವರೆಗೆ ಬಸ್ಸಿನಲ್ಲಿ ಹೋಗುವುದೆಂದರೆ ಕೆಂಪು ಧೂಳು ತಿನ್ನುವುದೇ ಆಗಿತ್ತು, ಆಗ ಫಿಲ್ಟರಿನ ಮೇಲೆ ಒಂದು ಹತ್ತಿ ಬಟ್ಟೆ ಇಳಿಬಿಡುತ್ತಿದ್ದೆ. ಹಳೆಯ ಮುಂಡು ಕತ್ತರಿಸಿ ಹೆಂಡತಿ ಹೊಲಿದು ಕೊಟ್ಟದ್ದು. ಅಂಗಡಿಯಲ್ಲಿ ಸಿಗುವ ಕುತ್ತಿಗೆ ಬಟ್ಟೆಗಿಂತ (ಬಿಬ್) ಅದೇ ಮೆತ್ತಗೆ. ನುಣ್ಣಗಿನ ಕಣ ತಡೆಯುವ ಬೇರೆ ಜಾತಿಯ ಫಿಲ್ಟರ್ ಸಿಗುತ್ತದೆ, ಬೆಲೆ ಜಾಸ್ತಿ. ಆಸ್ಪತ್ರೆಗೆ, ಜನ ಸೇರುವಲ್ಲಿಗೆ ಹೋಗುವಾಗ ಅದನ್ನು ಇಟ್ಟುಕೊಳ್ಳಬಹುದು.

ಮಳೆಗಾಲದಲ್ಲಿ ಗಾಳಿಯೇ ತೇವ ಅಲ್ವಾ, ಆಗ ಫಿಲ್ಟರ್ ಯಾಕೆ ಅಂತ ಕೇಳುತ್ತಾರೆ. ಶ್ವಾಸಕೋಶಕ್ಕೆ ಬೇಕಾದದ್ದು 37 ಡಿಗ್ರಿ ಬಿಸಿಯ, ಪೂರ್ತಿ ತೇವ ಇರುವ ಗಾಳಿ. ಆಟಿ ತಿಂಗಳ ಗಾಳಿಯೂ ಅಷ್ಟು ಬೆಚ್ಚಗಿರುವುದಿಲ್ಲ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಮತ್ತು ಎಸಿ ಇರುವಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಸಿಗುವುದು ಎಲ್ಲಿ? ಇದೇ ದೊಡ್ಡ ಬೇಸರ. ನಮ್ಮ ಪೇಟೆಯ ಮೆಡಿಕಲ್‌ಗಳಲ್ಲಿ ಕೇಳಿದರೆ ಇಂಥದ್ದು ಉಂಟು ಅಂತಲೇ ಅವರಿಗೆ ಗೊತ್ತಿಲ್ಲ. ಮಂಗಳೂರಿನ ಒಬ್ಬ ಡೀಲರ್ ದುಡ್ಡು ಮೊದಲೇ ತೆಗೆದುಕೊಂಡು, ಫೋನ್ ಎತ್ತದೆ, ಕೊನೆಗೆ ಬೇರೆ ಅಳತೆಯದ್ದನ್ನು ಕಳಿಸಿದರು. ಮಾತಾಡಲು ಕಷ್ಟ ಇರುವವನಿಗೆ ಫೋನಿನಲ್ಲಿ ಜಗಳ ಮಾಡುವುದೂ ಸಾಧ್ಯವಿಲ್ಲ, ಮಗಳು ಮಾತಾಡಿ ಸರಿ ಮಾಡಿಸಿದಳು. ಈಗ ಆಸ್ಪತ್ರೆಯ ಸ್ಪೀಚ್ ಥೆರಪಿ ವಿಭಾಗದ ಮೂಲಕವೇ ತರಿಸುತ್ತೇನೆ. ದಿನಕ್ಕೊಂದು ಲೆಕ್ಕ ಹಾಕಿದರೆ ತಿಂಗಳಿಗೆ ಮೂವತ್ತು ಬೇಕು, ಖರ್ಚು ಸಣ್ಣದಲ್ಲ. ಅದರ ಮೇಲೆ ಇನ್ನೊಂದು ತಿಂಗಳಿಗೆ ಆಗುವಷ್ಟು ಮನೆಯಲ್ಲಿ ಇರಲಿ. 2020ರಲ್ಲಿ ಕೋವಿಡ್ ಹೊತ್ತಿಗೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ ನಮ್ಮ ಕಡೆಯ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಪಟ್ಟ ಪಾಡನ್ನು ನಾವು ಯಾರೂ ಮರೆತಿಲ್ಲ. ಒಂದು ಮಾತು ಮಾತ್ರ ಹೇಳಬೇಕು: ಈ ಸ್ಪಂಜು, ಪ್ಲಾಸ್ಟಿಕ್ಕನ್ನು ನಮ್ಮಲ್ಲೇ ಕಡಿಮೆ ಬೆಲೆಗೆ ಮಾಡಲು ಆಗಬೇಕು. ಮಾತು ಬರಲು ಗಂಟಲೊಳಗೆ ಕೂರಿಸುವ ಸ್ವರದ ಕವಾಟಕ್ಕೆ ಹಾಗೆ ಮಾಡಿ ತೋರಿಸಿದ್ದಾರಲ್ಲ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಮತ್ತು ಅವರ ಸ್ನೇಹಿತ ಶಶಾಂಕ್ ಮಹೇಶ್ ಸೇರಿ ಮಾಡಿದ ಓಂ ಕವಾಟದ ಬೆಲೆ 50 ರೂಪಾಯಿ ಅಂತ ಪೇಪರಿನಲ್ಲಿ ಬಂದಿತ್ತು, ಹೊರದೇಶದ್ದಕ್ಕೆ ಹದಿನೈದು ಸಾವಿರಕ್ಕೂ ಜಾಸ್ತಿ ಇದ್ದ ಕಾಲದಲ್ಲಿ.

ಸ್ವರದ ವಿಷಯವನ್ನೂ ಹೇಳಿಬಿಡುತ್ತೇನೆ. ಮೊದಲು ನಾನು ಕುತ್ತಿಗೆಗೆ ಒತ್ತಿ ಹಿಡಿಯುವ ಬ್ಯಾಟರಿ ಯಂತ್ರ, ಎಲೆಕ್ಟ್ರೋಲಾರಿಂಕ್ಸ್, ಬಳಸಿದೆ. ರೇಡಿಯೇಷನ್‌ನಿಂದ ಕುತ್ತಿಗೆ ಗಟ್ಟಿಯಾದವರಿಗೆ ಅದರ ಶಬ್ದ ಒಳಗೆ ಹೋಗುವುದಿಲ್ಲ, ಕೆನ್ನೆಗೆ ಒತ್ತಿ ನೋಡಿ ಅಥವಾ ಬಾಯಿಗಿಡುವ ನಳಿಗೆ ಕೇಳಿ. ಯಂತ್ರ ಯಾವಾಗಲೂ ಗುಂಯ್ ಅನ್ನುತ್ತಲೇ ಇರುವುದರಿಂದ "ತೋಟ" ಎಂದರೆ "ದೋಡ" ಅಂತ ಕೇಳುತ್ತದೆ, "ಹಾಲು" ಹೋಗಿ "ಆಲು" ಆಗುತ್ತದೆ. ಮನೆಯವರಿಗೆ ಬೇಗ ಅಭ್ಯಾಸ ಆಯಿತು. ತುಳು, ಮಲಯಾಳಂ, ಕನ್ನಡ ಮೂರೂ ನಡೆಯುವ ನಮ್ಮ ಪೇಟೆಯಲ್ಲಿ ಮಾತ್ರ ಕಷ್ಟ, ನಾನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಅಂತ ತಿಳಿಯಲಿಕ್ಕೇ ಎದುರಿನವರಿಗೆ ಒಂದು ನಿಮಿಷ ಬೇಕು. ಈಗ ಕವಾಟ ಹಾಕಿಸಿಕೊಂಡಿದ್ದೇನೆ. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಕೂರುವ ಸಣ್ಣ ಸಿಲಿಕೋನ್ ಬಾಗಿಲು ಅದು. ಫಿಲ್ಟರಿನ ಮೇಲೆ ಬೆರಳು ಒತ್ತಿದರೆ ಗಾಳಿ ಅನ್ನನಾಳಕ್ಕೆ ತಿರುಗಿ ಸ್ವರ ಬರುತ್ತದೆ. ಬರಿಯ ತೂತನ್ನು ಬೆರಳಿನಿಂದ ಮುಚ್ಚುವುದಕ್ಕಿಂತ ಫಿಲ್ಟರ್ ಒತ್ತುವುದು ಸ್ವಚ್ಛ, ಗಾಳಿ ಸೋರುವುದೂ ಕಡಿಮೆ. ಕವಾಟವನ್ನು ದಿನಾ ಬ್ರಷ್‌ನಿಂದ ತೊಳೆಯಬೇಕು. ಅದರ ಮೇಲೆ ಒಂದು ಜಾತಿಯ ಬೂಷ್ಟು ಬೆಳೆದು ಬಾಗಿಲು ಸರಿಯಾಗಿ ಮುಚ್ಚದೆ ಹೋಗುತ್ತದೆ, ಚಹಾ ಕುಡಿದ ಕೂಡಲೇ ಕೆಮ್ಮು ಬಂದರೆ ಸೋರುತ್ತಿದೆ ಅಂತ ಲೆಕ್ಕ. ಕೆಲವು ತಿಂಗಳಿಗೊಮ್ಮೆ ಬದಲಿಸುವ ಖರ್ಚು ಇದ್ದದ್ದೇ.

ಫಿಲ್ಟರ್ ಏನು ಮಾಡಿದರೂ ವಾಪಸ್ ಬಾರದ್ದು ಕೆಲವು ಉಂಟು. ಉಸಿರು ಬಿಗಿಹಿಡಿಯಲು ಗಂಟಲಲ್ಲಿ ಬಾಗಿಲಿಲ್ಲ, ಹಾಗಾಗಿ ಅಡಿಕೆ ಗೋಣಿ ಎತ್ತುವ ಬಲ ಬರುವುದಿಲ್ಲ. ಕೆರೆಗೆ, ಹೊಳೆಗೆ ಇಳಿಯುವಂತಿಲ್ಲ, ನೀರು ಸೀದಾ ಶ್ವಾಸಕೋಶಕ್ಕೆ. ಸ್ನಾನಕ್ಕೆ ಎದೆಯ ಕೆಳಗೆ ಮಾತ್ರ ನೀರು ಹೊಯ್ದುಕೊಳ್ಳುತ್ತೇನೆ, ತಲೆಗೆ ಬಗ್ಗಿ. ವಾಸನೆ ಗೊತ್ತಾಗುವುದಿಲ್ಲ, ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೂ ತಿಳಿಯದು, ಅದಕ್ಕೆ ಒಂದು ಅಲಾರಂ ಹಾಕಿಸಿ. ಬಾಯಿ ಮುಚ್ಚಿಕೊಂಡೇ ಆಕಳಿಸುವ ಹಾಗೆ ದವಡೆ ಕೆಳಗಿಳಿಸುವ ಒಂದು ಅಭ್ಯಾಸ ಥೆರಪಿಸ್ಟ್ ಕಲಿಸುತ್ತಾರೆ, ಅದರಿಂದ ಮೂಗಿಗೆ ಸ್ವಲ್ಪ ಗಾಳಿ ಬರುತ್ತದೆ. ಹಾಗೆ ಮಾಡಿ ಹಲಸಿನ ಹಣ್ಣಿನ ವಾಸನೆ ಸಿಕ್ಕಿದ ದಿನ ನನಗೆ ಆದ ಸಂತೋಷ ಹೇಳಲಿಕ್ಕೆ ಆಗುವುದಿಲ್ಲ.

ಕೇರಳದಲ್ಲಿ ಇರುವ ನಮಗೆ ಒಂದು ಅನುಕೂಲ ಉಂಟು, ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದರೆ ದೀರ್ಘ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆಯ ನರ್ಸ್, ಮನೆಗೇ ಬರುತ್ತಾರೆ. 2008ರಲ್ಲೇ ರಾಜ್ಯ ಇದಕ್ಕೆ ನೀತಿ ಮಾಡಿತ್ತು. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದವರಿಗೆ ಮಾತ್ರ ಇದು ಅಂತ ತಿಳಿದು ಹಲವರು ಹೆಸರು ಕೊಡುವುದಿಲ್ಲ, ಹಾಗೇನಿಲ್ಲ. ನಮ್ಮಲ್ಲಿಗೆ ಬರುವ ನರ್ಸ್‌ಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಕೊಳವೆ ತೊಳೆಯುವುದು, ಚಕ್ಕೆ ತೆಗೆಯುವುದು, ಸಲೈನ್ ಹಾಕುವುದು ಎಲ್ಲವನ್ನೂ ಹೆಂಡತಿಗೆ ತಾಳ್ಮೆಯಿಂದ ಮಾಡಿ ತೋರಿಸಿದರು.

ಅವರೇ ಹೇಳಿ ಮಾಡಿಸಿದ ಒಂದು ಕಾರ್ಡ್ ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಬರೆದದ್ದು: ನಾನು ಕುತ್ತಿಗೆಯಿಂದ ಮಾತ್ರ ಉಸಿರಾಡುತ್ತೇನೆ, ಆಕ್ಸಿಜನ್ ಮಾಸ್ಕನ್ನು ಮೂಗಿಗೆ ಅಲ್ಲ, ಕುತ್ತಿಗೆಗೆ ಹಿಡಿಯಿರಿ, ಫಿಲ್ಟರಿನಲ್ಲಿ ಕಫ ಕಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ. ನೀವೂ ಒಂದು ಮಾಡಿಸಿಕೊಳ್ಳಿ, ಆಂಬುಲೆನ್ಸಿನಲ್ಲಿ ಬರುವ ಎಲ್ಲರಿಗೂ ಈ ವಿಷಯ ಗೊತ್ತಿರುವುದಿಲ್ಲ.